ಪ್ಲೇಗಿನಿಂದ ಲಾಕ್‌ಡೌನ್‌ವರೆಗೆ: ಹೂಡಿ ಪರಿಸರದಲ್ಲಿ ಸಾಂಕ್ರಾಮಿಕ ಕಾಲದ ಇಂಗ್ಲಿಷ್ ಪದಗಳು

ಒಂದು ಸಮುದಾಯದ ಪದಸಂಪತ್ತು ಆ ಸಮುದಾಯ ಅನುಭವಿಸಿದ ಸಂಕಟಗಳ ದಾಖಲೆಯೂ ಆಗಿರುತ್ತದೆ. ಬರ, ನೆರೆ, ಯುದ್ಧ, ರೋಗ ಇವೆಲ್ಲವೂ ಬಂದುಹೋದ ಮೇಲೆ ಭಾಷೆಯಲ್ಲಿ ತಮ್ಮ ಗುರುತನ್ನು ಬಿಟ್ಟುಹೋಗುತ್ತವೆ. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಕಾಡಿದ ಮಹಾಕ್ಷಾಮವು ಧಾತು, ಈಶ್ವರ ಎಂಬ ಸಂವತ್ಸರಗಳ ಹೆಸರಿನಲ್ಲಿಯೇ ಜನರ ನೆನಪಿನಲ್ಲಿ ಉಳಿಯಿತು. ಅದೇ ರೀತಿಯಲ್ಲಿ 2020ರ ನಂತರದ ಮಾತುಕತೆಯಲ್ಲಿ ‘ಕೊರೊನಾ ಟೈಮು’ ಎಂಬುದು ಒಂದು ಕಾಲಸೂಚಕವಾಗಿ ನೆಲೆಗೊಂಡಿದೆ. ಆದರೆ ಈ ಎರಡು ನೆನಪುಗಳ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಕ್ಷಾಮದ ಪದಗಳು ಜನರ ಪಂಚಾಂಗದಿಂದ ಬಂದವು. ಕೋವಿಡ್ ಕಾಲದ ಪದಗಳಲ್ಲಿ ಹೆಚ್ಚಿನವು ಸರ್ಕಾರಿ ಆದೇಶ, ಆರೋಗ್ಯ ಇಲಾಖೆಯ ಪ್ರಕಟಣೆ ಮತ್ತು ದೂರದರ್ಶನ ವಾಹಿನಿಗಳ ಮೂಲಕ ಇಂಗ್ಲಿಷಿನಲ್ಲಿಯೇ ಬಂದವು. ಹೀಗೆ ಹೊರಗಿನಿಂದ ಸಿದ್ಧರೂಪದಲ್ಲಿ ಬಂದ ಪದಗಳನ್ನು ಜನಸಮುದಾಯ ಹೇಗೆ ಬರಮಾಡಿಕೊಂಡಿತು, ಹೇಗೆ ಬದಲಾಯಿಸಿತು, ಆ ಪದಗಳು ಜನರ ಬದುಕಿನಲ್ಲಿ ಏನು ಮಾಡಿದವು ಎಂಬುದನ್ನು ಬೆಂಗಳೂರಿನ ಪೂರ್ವ ಭಾಗದ ಹೂಡಿ ಪರಿಸರವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಪ್ಲೇಗಿನ ಕಾಲದ ಪದಗಳು

ರೋಗದೊಂದಿಗೆ ಇಂಗ್ಲಿಷ್ ಪದಗಳು ಬೆಂಗಳೂರಿಗೆ ಬಂದದ್ದು 2020ರಲ್ಲಿ ಮೊದಲಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಗೆಡ್ಡೆಯ ಬೇನೆಯು 1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿ ಬೆಂಗಳೂರನ್ನು ತಲುಪಿತು. ಇಕ್ಕಟ್ಟಾದ ಪೇಟೆಯನ್ನು ತೊರೆದ ಜನರಿಂದ ಮಲ್ಲೇಶ್ವರ, ಬಸವನಗುಡಿಗಳಂತಹ ಬಡಾವಣೆಗಳು ಬೆಳೆದ ಇತಿಹಾಸ ಎಲ್ಲರಿಗೂ ತಿಳಿದದ್ದೇ ಆಗಿದೆ. ಆಗ ಬಂದ ‘ಪ್ಲೇಗ್’ ಎಂಬ ಇಂಗ್ಲಿಷ್ ಪದವು ಕನ್ನಡದ ಉಕಾರವನ್ನು ಪಡೆದು ‘ಪ್ಲೇಗು’ ಆಯಿತು. ಅಷ್ಟಕ್ಕೇ ನಿಲ್ಲದೆ ಅದು ಗ್ರಾಮದೇವತೆಯ ಹೆಸರಿನೊಂದಿಗೆ ಸೇರಿ ‘ಪ್ಲೇಗಮ್ಮ’, ‘ಪ್ಲೇಗ್ ಮಾರಮ್ಮ’ ಎಂದಾಯಿತು. ತ್ಯಾಗರಾಜನಗರದ ಪ್ಲೇಗ್ ಮಾರಮ್ಮನ ಗುಡಿಯು ಈ ಪದಸಂಯೋಗದ ಜೀವಂತ ಸಾಕ್ಷಿಯಾಗಿದೆ. ಪರಕೀಯ ಪದವೊಂದು ಒಂದು ತಲೆಮಾರಿನೊಳಗೆ ದೇವತೆಯ ನಾಮಾಂಶವಾದುದು ಜನಪದ ಮನಸ್ಸಿನ ಜೀರ್ಣಶಕ್ತಿಯನ್ನು ತೋರಿಸುತ್ತದೆ.

ಪ್ಲೇಗಿನ ಅನುಭವವನ್ನು ಹೇಳುವ ಉಳಿದ ಮಾತುಗಳು ಮಾತ್ರ ಅಚ್ಚಗನ್ನಡದವು. ‘ಇಲಿ ಬೀಳುವುದು’ ಎಂದರೆ ರೋಗದ ಮುನ್ಸೂಚನೆ. ‘ಊರು ಬಿಡುವುದು’ ಎಂದರೆ ಮನೆಗಳಿಗೆ ಬೀಗ ಹಾಕಿ ಹೊಲತೋಟಗಳಲ್ಲಿ ಗುಡಿಸಲು ಕಟ್ಟಿಕೊಂಡು ಇರುವುದು. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯಲ್ಲಿ ಸತ್ತುಬೀಳುವ ಇಲಿಗಳು ಅಗ್ರಹಾರಕ್ಕೆ ಬರಲಿರುವ ಕೇಡಿನ ಸಂಕೇತವಾಗಿ ಬಂದುದು ಈ ಲೋಕಾನುಭವದ ಬಲದಿಂದಲೇ. ಸಿಡುಬಿನ ಲಸಿಕೆಗೆ ಹಳ್ಳಿಗರು ‘ದಾಕು ಹಾಕಿಸುವುದು’ ಎನ್ನುತ್ತಿದ್ದರು. ಈ ಪದಗಳು ಕ್ರಿಯೆಯನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತವೆ. ಕೇಳಿದವರಿಗೆ ವಿವರಣೆ ಬೇಕಾಗಿರಲಿಲ್ಲ. ಈ ಹಿನ್ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೋವಿಡ್ ಕಾಲದ ಪದಗಳತ್ತ ನೋಡುವುದು ಸೂಕ್ತ.

ಹೂಡಿಯ ಭಾಷಿಕ ಪರಿಸರ

ಹೂಡಿಯು ಕೃಷ್ಣರಾಜಪುರ ಮತ್ತು ವೈಟ್‌ಫೀಲ್ಡ್‌ಗಳ ನಡುವೆ, ಬೆಂಗಳೂರು–ಚೆನ್ನೈ ರೈಲುಮಾರ್ಗದ ಬದಿಯಲ್ಲಿರುವ ಹಳೆಯ ಊರು. ಇದರ ನೆರೆಯ ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ ಇಂಡಿಯನ್ನರ ನೆಲೆಯಾಗಿ ಆರಂಭವಾದದ್ದು. ಮಹದೇವಪುರದ ಕಾರ್ಖಾನೆಗಳು, 1990ರ ದಶಕದಲ್ಲಿ ತಲೆಯೆತ್ತಿದ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್, ಅದರ ಸುತ್ತ ಬೆಳೆದ ಸಾಫ್ಟ್‌ವೇರ್ ಕಚೇರಿಗಳು ಈ ಪ್ರದೇಶದ ಸ್ವರೂಪವನ್ನೇ ಬದಲಿಸಿದವು. ಕನ್ನಡ ಮತ್ತು ತೆಲುಗುಗಳನ್ನು ಒಟ್ಟಿಗೆ ಆಡುವ ಮೂಲ ನಿವಾಸಿಗಳು, ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು, ತಮಿಳುನಾಡು, ಆಂಧ್ರ, ಒಡಿಶಾ, ಬಿಹಾರ, ಬಂಗಾಳಗಳಿಂದ ಬಂದ ಕಾರ್ಮಿಕರು, ಅಪಾರ್ಟ್‌ಮೆಂಟು ಮತ್ತು ಪಿ.ಜಿ.ಗಳಲ್ಲಿರುವ ಸಾಫ್ಟ್‌ವೇರ್ ಉದ್ಯೋಗಿಗಳು ಇಲ್ಲಿ ಅಕ್ಕಪಕ್ಕದಲ್ಲಿಯೇ ವಾಸಿಸುತ್ತಾರೆ.

ಈ ಬಹುಭಾಷಿಕತೆಯು ನಮ್ಮ ವಿಷಯಕ್ಕೆ ಬಹಳ ಮುಖ್ಯವಾದುದು. ಇಂತಹ ಕಡೆ ಆದೇಶದ ಪದವೊಂದನ್ನು ಕನ್ನಡಕ್ಕೆ ಅನುವಾದಿಸಿದರೆ ಅದು ಕೆಲವರನ್ನು ಮಾತ್ರ ತಲುಪುತ್ತದೆ. ಬೀದಿಯ ಅಂಗಡಿಯವನು, ಒಡಿಶಾದ ಕಾರ್ಮಿಕ, ಅಪಾರ್ಟ್‌ಮೆಂಟಿನ ಕಾವಲುಗಾರ, ಮನೆಗೆಲಸದ ಹೆಂಗಸು ಇವರ ನಡುವೆ ಸಮಾನವಾಗಿ ಓಡಾಡಿದ ಪದಗಳು ‘ಲಾಕ್‌ಡೌನ್’, ‘ಪಾಸ್’, ‘ಟೆಸ್ಟ್’, ‘ಕಿಟ್’ ಎಂಬವು. ‘ದಿಗ್ಬಂಧನ’, ‘ಪ್ರತ್ಯೇಕವಾಸ’ ಮೊದಲಾದ ಕನ್ನಡ ರೂಪಗಳು ಬರಹದಲ್ಲಿ ಕಂಡರೂ ಬೀದಿಗೆ ಇಳಿಯದೆ ಹೋದುದಕ್ಕೆ ಕನ್ನಡದ ಬಗೆಗಿನ ಉದಾಸೀನವೊಂದೇ ಕಾರಣವಲ್ಲ. ಬೀದಿಯ ಸ್ವರೂಪವೂ ಕಾರಣವೆಂಬುದನ್ನು ಗಮನಿಸಬೇಕು.

ಪದಗಳ ಪ್ರವೇಶ ಮತ್ತು ರೂಪಾಂತರ

ವಿಶ್ವ ಆರೋಗ್ಯ ಸಂಸ್ಥೆಯು 2020ರ ಫೆಬ್ರವರಿ 11ರಂದು ರೋಗಕ್ಕೆ ‘ಕೋವಿಡ್-19’ ಎಂದು ಹೆಸರಿಟ್ಟಿತು. ಮಾರ್ಚ್ ಎರಡನೆಯ ವಾರದಲ್ಲಿ ಅಮೆರಿಕದಿಂದ ಮರಳಿದ್ದ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರಲ್ಲಿ ರಾಜ್ಯದ ಮೊದಲ ಪ್ರಕರಣ ದೃಢಪಟ್ಟಿತು. ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡುದು ದೇಶದ ಮೊದಲ ಕೋವಿಡ್ ಸಾವು. ಪ್ಲೇಗಿನ ಕಾಲದಲ್ಲಿ ಬ್ರಿಟಿಷರು ರೂಪಿಸಿದ್ದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಅಡಿಯಲ್ಲಿಯೇ ರಾಜ್ಯ ಸರ್ಕಾರ ಅದೇ ಮಾರ್ಚ್‌ನಲ್ಲಿ ಕೋವಿಡ್ ನಿಯಮಗಳನ್ನು ಹೊರಡಿಸಿತು. ಮಾರ್ಚ್ 22ರ ಜನತಾ ಕರ್ಫ್ಯೂ, 25ರಿಂದ ದೇಶವ್ಯಾಪಿ ಲಾಕ್‌ಡೌನ್ ಇವು ಬಂದ ಕೆಲವೇ ದಿನಗಳಲ್ಲಿ ಹತ್ತಾರು ಇಂಗ್ಲಿಷ್ ಪದಗಳು ಮನೆಮನೆಯ ಮಾತಾದವು.

ಇಂಗ್ಲಿಷ್ ಭಾಷೆಯೂ ಈ ವೇಗಕ್ಕೆ ಸಿದ್ಧವಾಗಿರಲಿಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು 2020ರ ಏಪ್ರಿಲ್‌ನಲ್ಲಿ ತನ್ನ ವಾಡಿಕೆಯ ವೇಳಾಪಟ್ಟಿಯನ್ನು ಮೀರಿ ಈ ಪದಗಳಿಗಾಗಿಯೇ ವಿಶೇಷ ಸೇರ್ಪಡೆಯನ್ನು ಪ್ರಕಟಿಸಬೇಕಾಯಿತು. ಕಾಲಿನ್ಸ್ ನಿಘಂಟು ‘ಲಾಕ್‌ಡೌನ್’ ಎಂಬುದನ್ನು ಆ ವರ್ಷದ ಪದವೆಂದು ಆರಿಸಿತು. ನಿಜವಾಗಿ ಹೊಸತಾಗಿ ಹುಟ್ಟಿದ ಪದಗಳು ಕಡಿಮೆ. ಹಳೆಯ ಪದಗಳು ಹೊಸ ಹೊಣೆ ಹೊತ್ತದ್ದೇ ಹೆಚ್ಚು. ‘ಕ್ವಾರಂಟೈನ್’ ಎಂಬುದು ವೆನಿಸ್‌ನ ಬಂದರಿನಲ್ಲಿ ಹಡಗುಗಳನ್ನು ನಲವತ್ತು ದಿನ ತಡೆಹಿಡಿಯುತ್ತಿದ್ದ ಪದ್ಧತಿಯಿಂದ ಬಂದದ್ದು. ಹೂಡಿಯಲ್ಲಿ ಅದು ಹದಿನಾಲ್ಕು ದಿನಗಳ ಮನೆವಾಸವಾಯಿತು.

ಈ ಪದಗಳು ಕನ್ನಡದ ವ್ಯಾಕರಣಕ್ಕೆ ಒಗ್ಗಿಕೊಂಡ ಬಗೆ ಕ್ರಮಬದ್ಧವಾಗಿದೆ. ಮೊದಲನೆಯದಾಗಿ, ವ್ಯಂಜನಾಂತ ಪದಗಳು ಉಕಾರವನ್ನು ಪಡೆದವು. ಹ್ರಸ್ವ ಸ್ವರದ ಮುಂದೆ ಒಂದೇ ವ್ಯಂಜನವಿದ್ದಾಗ ಅದು ದ್ವಿತ್ವವಾಗಿ ಬೆಡ್ಡು, ಕಿಟ್ಟು ಎಂದಾಯಿತು. ದೀರ್ಘ ಸ್ವರವಿದ್ದಲ್ಲಿ ಅಥವಾ ಒತ್ತಕ್ಷರವಿದ್ದಲ್ಲಿ ದ್ವಿತ್ವವಿಲ್ಲದೆ ಡೋಸು, ಪಾಸು, ಮಾಸ್ಕು, ಟೆಸ್ಟು ಎಂದಾಯಿತು. ಪ್ಲೇಗು ಎಂಬ ರೂಪ ಸಿದ್ಧಿಸಿದ ನಿಯಮವೂ ಇದೇ. ಎರಡನೆಯದಾಗಿ, ಇಂಗ್ಲಿಷ್ ಪದಗಳು ನಾಮಪದವಾಗಿರಲಿ ಕ್ರಿಯಾಪದವಾಗಿರಲಿ ಕನ್ನಡದ ಸಹಾಯಕ್ರಿಯೆಯ ಆಸರೆಯನ್ನು ಪಡೆದವು: ಕ್ವಾರಂಟೈನ್ ಮಾಡು, ಸೀಲ್‌ಡೌನ್ ಆಗು, ಸ್ಯಾನಿಟೈಸ್ ಮಾಡು, ವ್ಯಾಕ್ಸಿನ್ ಹಾಕಿಸು. ಇವುಗಳಲ್ಲಿ ಕೊನೆಯದು ‘ದಾಕು ಹಾಕಿಸು’ ಎಂಬುದರ ಅಚ್ಚಿನಲ್ಲಿಯೇ ಎರಕ ಹೊಯ್ದಂತಿದೆ. ಮೂರನೆಯದಾಗಿ, ‘ವಾರಿಯರ್ಸ್‌ಗಳು’ ಎಂಬಂತೆ ಇಂಗ್ಲಿಷ್ ಬಹುವಚನದ ಮೇಲೆ ಕನ್ನಡದ ಬಹುವಚನವೂ ಸೇರಿತು.

ಇವೆಲ್ಲಕ್ಕಿಂತ ಜಾನಪದ ಅಧ್ಯಯನಕ್ಕೆ ಹೆಚ್ಚು ಉಪಯುಕ್ತವಾದುದು ಪ್ರತಿಧ್ವನಿ ರೂಪಗಳ ಬಳಕೆ. ‘ಮಾಸ್ಕು ಗೀಸ್ಕು’, ‘ಟೆಸ್ಟು ಗಿಸ್ಟು’, ‘ಕೊರೊನಾ ಗಿರೊನಾ’ ಎಂಬ ಮಾತುಗಳಲ್ಲಿ ಕನ್ನಡದ ಗಕಾರವು ಅಧಿಕಾರದ ಪದವನ್ನು ಹಗುರಗೊಳಿಸುತ್ತದೆ. ಭಯವನ್ನು ತಳ್ಳಿಹಾಕುವುದು, ಆದೇಶವನ್ನು ಗೇಲಿ ಮಾಡುವುದು, ‘ಇದೆಲ್ಲ ನಮಗೇಕೆ’ ಎಂಬ ಬೇಸರವನ್ನು ಹೇಳುವುದು ಇವೆಲ್ಲವನ್ನೂ ಒಂದೇ ಅಕ್ಷರ ಮಾಡಿ ಮುಗಿಸುತ್ತದೆ. ಆಡುಮಾತಿನಲ್ಲಿ ಬೈಗುಳದ ಅರ್ಥದಲ್ಲಿ ಮೊದಲೇ ಇದ್ದ ‘ಡೋಸ್ ಕೊಡು’ ಎಂಬ ನುಡಿಗಟ್ಟೂ ಲಸಿಕೆಯ ಕಾಲದಲ್ಲಿ ಹಾಸ್ಯಕ್ಕೆ ಒದಗಿ ಬಂದಿತು.

ಅರ್ಥದ ದೃಷ್ಟಿಯಿಂದ ಗಮನಾರ್ಹವಾದುದು ‘ಪಾಸಿಟಿವ್’, ‘ನೆಗೆಟಿವ್’ ಪದಗಳ ತಿರುಗುಮುರುಗು. ಅದುವರೆಗೆ ‘ಪಾಸಿಟಿವ್’ ಎಂದರೆ ಒಳ್ಳೆಯದು ಎಂದೇ ಬಳಕೆಯಾಗಿದ್ದ ಕಡೆ ‘ಪಾಸಿಟಿವ್ ಬಂತು’ ಎಂಬುದು ಎದೆ ನಡುಗಿಸುವ ಸುದ್ದಿಯಾಯಿತು. ಇಲ್ಲಿ ಬಳಕೆಯಾದ ‘ಬಂತು’ ಎಂಬ ಕ್ರಿಯಾಪದವೂ ಪರಿಶೀಲನಾರ್ಹ. ‘ಅಮ್ಮ ಬಂದಿದ್ದಾಳೆ’ ಎಂದು ಸಿಡುಬನ್ನು ಹೇಳುತ್ತಿದ್ದ ವಾಕ್ಯರಚನೆಯೇ ಪ್ರಯೋಗಾಲಯದ ವರದಿಗೂ ಒದಗಿದೆ. ರೋಗವು ಬರುವಂಥದ್ದು, ಬಂದು ಹೋಗುವಂಥದ್ದು ಎಂಬ ಲೋಕದೃಷ್ಟಿ ಇಂಗ್ಲಿಷ್ ಪದದ ಬೆನ್ನಿಗೂ ಉಳಿದಿದೆ.

ಒಂದೇ ಪದ, ಹಲವು ಬದುಕು

ಹೂಡಿಯಂತಹ ಪರಿಸರದಲ್ಲಿ ಪದಗಳು ಎಲ್ಲರಿಗೂ ಸಮಾನವಾಗಿ ಕೇಳಿಸಿದರೂ ಸಮಾನವಾಗಿ ಅರ್ಥ ನೀಡಲಿಲ್ಲ. ‘ವರ್ಕ್ ಫ್ರಂ ಹೋಮ್’ ಎಂಬುದು ಸಾಫ್ಟ್‌ವೇರ್ ಉದ್ಯೋಗಿಗೆ ಸಂಬಳ ನಿಲ್ಲದ ಭದ್ರತೆ. ಅದೇ ಕಚೇರಿಗಳ ಕ್ಯಾಬ್ ಚಾಲಕನಿಗೆ, ಕ್ಯಾಂಟೀನಿನವನಿಗೆ, ಪಿ.ಜಿ. ನಡೆಸುವವರಿಗೆ ಅದು ದುಡಿಮೆ ನಿಂತುಹೋದುದರ ಹೆಸರು. ಇಂಗ್ಲಿಷಿನಲ್ಲಿ ಈ ಪದಪುಂಜದ ಸಂಕ್ಷಿಪ್ತ ರೂಪ 1990ರ ದಶಕದಿಂದಲೂ ಬಳಕೆಯಲ್ಲಿದ್ದಿತಾದರೂ ಅದು ಒಂದು ಇಡೀ ಬಡಾವಣೆಯ ಆರ್ಥಿಕ ಸ್ಥಿತಿಯನ್ನು ನಿರ್ಧರಿಸುವ ಪದವಾದುದು 2020ರಲ್ಲಿಯೇ.

‘ಕಿಟ್’ ಎಂಬ ಪದ ಇನ್ನೂ ಸ್ಪಷ್ಟವಾದ ನಿದರ್ಶನ. ಆಸ್ಪತ್ರೆಯ ದಾದಿಯರಿಗೆ, ಶವಸಂಸ್ಕಾರದ ಸಿಬ್ಬಂದಿಗೆ ಕಿಟ್ ಎಂದರೆ ಮೈತುಂಬ ತೊಡುವ ರಕ್ಷಣಾ ಉಡುಪು. ಶೆಡ್ಡುಗಳಲ್ಲಿ ಉಳಿದ ಕಾರ್ಮಿಕ ಕುಟುಂಬಗಳಿಗೆ ಕಿಟ್ ಎಂದರೆ ಅಕ್ಕಿ, ಬೇಳೆ, ಎಣ್ಣೆಗಳ ಚೀಲ. ಒಂದು ಪದ ರೋಗದಿಂದ ಕಾಯುವುದಕ್ಕೆ, ಇನ್ನೊಂದು ಅದೇ ಪದ ಹಸಿವಿನಿಂದ ಕಾಯುವುದಕ್ಕೆ.

ಊರಿಗೆ ಮರಳಲು ಹೊರಟ ವಲಸೆ ಕಾರ್ಮಿಕರಿಗೆ ಪದಗಳ ಅರಿವು ಪ್ರಯಾಣದ ಅರ್ಹತೆಯೇ ಆಯಿತು. ‘ಸೇವಾ ಸಿಂಧು’ ಜಾಲತಾಣದಲ್ಲಿ ‘ರಿಜಿಸ್ಟರ್’ ಆಗಬೇಕು, ‘ಮೆಸೇಜ್’ ಬರಬೇಕು, ‘ಸ್ಕ್ರೀನಿಂಗ್’ ಆಗಬೇಕು. 2020ರ ಮೇ ಮೊದಲ ವಾರದಲ್ಲಿ ಚಿಕ್ಕಬಾಣಾವರ ಹಾಗೂ ಮಾಲೂರು ನಿಲ್ದಾಣಗಳಿಂದ ‘ಶ್ರಮಿಕ್ ಸ್ಪೆಷಲ್’ ರೈಲುಗಳು ಹೊರಟವು. ಮಾಲೂರು ಇರುವುದು ಹೂಡಿಯ ಪಕ್ಕದಲ್ಲಿ ಹಾದುಹೋಗುವ ಅದೇ ಮಾರ್ಗದಲ್ಲಿ. ಮೇ 5ರಂದು ರಾಜ್ಯ ಸರ್ಕಾರ ರೈಲುಗಳ ಬೇಡಿಕೆಯನ್ನು ಹಿಂತೆಗೆದುಕೊಂಡು, ತೀವ್ರ ಟೀಕೆಯ ನಂತರ ಎರಡೇ ದಿನಗಳಲ್ಲಿ ನಿರ್ಧಾರವನ್ನು ಬದಲಿಸಿತು. ‘ಶ್ರಮಿಕ್’ ಎಂಬ ಗೌರವಸೂಚಕ ಪದಕ್ಕೂ ಶ್ರಮಿಕರ ವಾಸ್ತವಕ್ಕೂ ಇದ್ದ ದೂರವನ್ನು ಆ ದಿನಗಳು ತೋರಿಸಿಕೊಟ್ಟವು.

2021ರಲ್ಲಿ ‘ಸ್ಲಾಟ್’ ಎಂಬ ಪದ ಇದೇ ಪಾತ್ರವನ್ನು ವಹಿಸಿತು. ಮೇ 1ರಿಂದ ಹದಿನೆಂಟು ವರ್ಷ ಮೀರಿದವರಿಗೆ ಲಸಿಕೆ ಆರಂಭವಾದಾಗ ಕೋವಿನ್ ಜಾಲತಾಣ ಇಂಗ್ಲಿಷಿನಲ್ಲಿ ಮಾತ್ರ ಇದ್ದಿತು. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳು ಅದರಲ್ಲಿ ಕಾಣಿಸಿಕೊಂಡದ್ದು ಜೂನ್‌ನಲ್ಲಿ. ಗಣಕದ ಮುಂದೆಯೇ ದಿನ ಕಳೆಯುವವರಿಗೆ ಸ್ಲಾಟ್ ಸಿಕ್ಕಷ್ಟು ಸುಲಭವಾಗಿ ಅವರ ಮನೆಯ ಕೆಲಸದವರಿಗೆ ಸಿಗಲಿಲ್ಲ. ಈ ತಾರತಮ್ಯವನ್ನು ಸರ್ವೋಚ್ಚ ನ್ಯಾಯಾಲಯವೂ ಅದೇ ಮೇ 31ರ ಆದೇಶದಲ್ಲಿ ಪ್ರಸ್ತಾಪಿಸಿತು. ಎರವಲು ಪದಗಳ ಚರ್ಚೆ ಭಾಷಾಶುದ್ಧಿಯ ಪ್ರಶ್ನೆಯಷ್ಟೇ ಅಲ್ಲ, ಹಂಚಿಕೆಯ ಪ್ರಶ್ನೆಯೂ ಹೌದು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಸೀಲು, ಬಾಗಿಲು, ಗಡಿ

ಕೋವಿಡ್ ಪದಗಳಲ್ಲಿ ಕರ್ನಾಟಕದ್ದೇ ಆದ ವಿಶಿಷ್ಟ ಬಳಕೆಯೆಂದರೆ ‘ಸೀಲ್‌ಡೌನ್’. ಅಧಿಕೃತ ಇಂಗ್ಲಿಷಿನ ‘ಕಂಟೈನ್‌ಮೆಂಟ್ ಜೋನ್’ ಎಂಬುದು ನಾಲಿಗೆಗೆ ಭಾರ. ‘ಲಾಕ್‌ಡೌನ್’ ಎಂಬುದರ ಸಾದೃಶ್ಯದಿಂದ ರೂಢಿಗೆ ಬಂದ ಸೀಲ್‌ಡೌನ್ ಹಗುರ. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಪಾದರಾಯನಪುರ, ಬಾಪೂಜಿನಗರ ವಾರ್ಡುಗಳನ್ನು ಮುಚ್ಚಿದಾಗ ಪ್ರಚಾರ ಪಡೆದ ಈ ಪದ ಮುಂದೆ ಬೀದಿ, ಮನೆ, ಅಂಗಡಿ ಎಲ್ಲಕ್ಕೂ ಅನ್ವಯವಾಯಿತು. ಅದೇ ‘ಸೀಲ್’ ಮನುಷ್ಯರ ಮೈಮೇಲೂ ಬಿತ್ತು. ವಿದೇಶಗಳಿಂದ ಬಂದವರ ಕೈಗೆ ಆ ಮಾರ್ಚ್‌ನಲ್ಲಿ ಅಳಿಸಲಾಗದ ಶಾಯಿಯಿಂದ ಮುದ್ರೆ ಒತ್ತಲಾಯಿತು. ಮಠಗಳಲ್ಲಿ ಭಕ್ತರು ಪಡೆಯುವ ಮುದ್ರಾಧಾರಣೆ ಪುಣ್ಯದ ಗುರುತಾದರೆ ಈ ಸೀಲು ಸಂಶಯದ ಗುರುತಾಯಿತು. ಸೋಂಕಿತರನ್ನು ಪ್ರಕಟಣೆಗಳಲ್ಲಿ ‘ಪಿ’ ಅಕ್ಷರ ಮತ್ತು ಒಂದು ಸಂಖ್ಯೆಯಿಂದ ಸೂಚಿಸಲಾಯಿತು. ಹೆಸರನ್ನು ಕಾಪಾಡಲೆಂದು ಮಾಡಿದ ಈ ವ್ಯವಸ್ಥೆಯಲ್ಲಿ ಸಂಖ್ಯೆಯೇ ಅಡ್ಡಹೆಸರಾಗಿ ನೆರೆಹೊರೆಯ ಬಾಯಲ್ಲಿ ಓಡಾಡಿತು.

ಮನೆಯ ಬಾಗಿಲಿಗೆ ಅಂಟಿಸಿದ ಕ್ವಾರಂಟೈನ್ ಭಿತ್ತಿಪತ್ರವನ್ನು ಜನಪದ ಪರಂಪರೆಯ ಬಾಗಿಲ ಗುರುತುಗಳೊಂದಿಗೆ ಹೋಲಿಸುವುದು ಉಚಿತ. ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುವ ವಾಡಿಕೆ ಎಲ್ಲೆಡೆ ಇದೆ. ಅದನ್ನು ಕಂಡವರು ಒಳಗೆ ಹೋಗುತ್ತಿರಲಿಲ್ಲ. ಪರಿಣಾಮದಲ್ಲಿ ಅದೂ ಪ್ರತ್ಯೇಕವಾಸವೇ. 1990ರ ದಶಕದಲ್ಲಿ ಬೆಂಗಳೂರು ಸುತ್ತಿನ ಮನೆಗಳ ಬಾಗಿಲ ಮೇಲೆ ಕಂಡ ‘ನಾಳೆ ಬಾ’ ಎಂಬ ಬರಹವು ಕೇಡನ್ನು ಉಪಾಯದಿಂದ ಮುಂದೂಡುವಂಥದ್ದು. ಈ ಎರಡೂ ಗುರುತುಗಳನ್ನು ಇಟ್ಟವರು ಮನೆಯವರೇ. ಬೇವಿನ ಸೊಪ್ಪು ಒಳಗಿರುವವಳನ್ನು ಅತಿಥಿಯೆಂದು ಗೌರವಿಸುತ್ತದೆ. ಭಿತ್ತಿಪತ್ರವನ್ನಾದರೋ ಹೊರಗಿನವರು ಬಂದು ಅಂಟಿಸಿದರು. ಅದರಲ್ಲಿದ್ದುದು ಮನೆಯವರ ಭಾಷೆಯಲ್ಲ. ಪರಿಣಾಮವಾಗಿ ರೋಗಕ್ಕಿಂತ ಕಾಗದಕ್ಕೆ ಹೆದರುವ ಸ್ಥಿತಿ ಒದಗಿತು. ಸಕ್ಷಮ ಪ್ರಾಧಿಕಾರದ ನಿರ್ದಿಷ್ಟ ಆದೇಶವಿಲ್ಲದೆ ಇಂತಹ ಪತ್ರಗಳನ್ನು ಅಂಟಿಸಕೂಡದೆಂದು 2020ರ ಡಿಸೆಂಬರ್ 9ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿದುದು ಈ ನೋವಿಗೆ ಸಂದ ಮನ್ನಣೆ ಎನ್ನಬಹುದು.

ಗಡಿಯ ವಿಷಯವೂ ಹೀಗೆಯೇ. ಮಾರಿಯನ್ನು ಊರ ಗಡಿ ದಾಟಿಸುವ ಆಚರಣೆ ಕರ್ನಾಟಕದ ಗ್ರಾಮಗಳಲ್ಲಿ ಹಳೆಯದು. ಅಲ್ಲಿ ದಾಟಿಸುವುದು ರೋಗವನ್ನು. 2020ರಲ್ಲಿ ಹಳ್ಳಿಗಳ ದಾರಿಗೆ ಮುಳ್ಳುಬೇಲಿ ಹಾಕಿ ತಡೆದದ್ದು ಮನುಷ್ಯರನ್ನು. ಅವರಲ್ಲಿ ನಗರದಿಂದ ಮರಳಿದ ಸ್ವಂತ ಊರಿನ ಮಕ್ಕಳೂ ಇದ್ದರು. ಕಾಸರಗೋಡು–ಮಂಗಳೂರು ನಡುವಿನ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಗಡಿನಾಡ ಜನರು ಪಟ್ಟ ಪಾಡು ನ್ಯಾಯಾಲಯದವರೆಗೂ ಹೋಯಿತು.

ಅನುವಾದದ ತೊಡಕು

ಇಂಗ್ಲಿಷ್ ಪದಗಳು ದೂರವಾಗಿ ತೋರಿದರೆ ಕನ್ನಡದ ಪದಗಳು ಕೆಲವೊಮ್ಮೆ ಅತಿ ಹತ್ತಿರವಾಗಿ ನೋಯಿಸಿದವು. ಇದಕ್ಕೆ ‘ಸಾಮಾಜಿಕ ಅಂತರ’ ಎಂಬುದೇ ಸಾಕ್ಷಿ. ‘ಸೋಶಿಯಲ್ ಡಿಸ್ಟೆನ್ಸಿಂಗ್’ ಎಂಬುದರ ಪದಶಃ ಅನುವಾದವಾಗಿ ಬಂದ ಈ ಪದ ಮುಟ್ಟು–ಮೈಲಿಗೆ, ಊರು–ಕೇರಿಗಳ ಇತಿಹಾಸವುಳ್ಳ ಸಮಾಜದಲ್ಲಿ ತಟಸ್ಥವಾಗಿರಲು ಸಾಧ್ಯವಿರಲಿಲ್ಲ. ಶತಮಾನಗಳ ಕಾಲ ದಲಿತ ಸಮುದಾಯಗಳನ್ನು ದೂರವಿಟ್ಟ ಕ್ರಮಕ್ಕೂ ಆರೋಗ್ಯದ ನಿಯಮಕ್ಕೂ ಒಂದೇ ಹೆಸರು ಬಂದಂತಾಯಿತು. ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಚ್‌ನಲ್ಲಿ ‘ದೈಹಿಕ ಅಂತರ’ ಎಂಬರ್ಥದ ಪದವನ್ನು ಬಳಸತೊಡಗಿತು. ಕನ್ನಡದಲ್ಲಿಯೂ ‘ದೈಹಿಕ ಅಂತರ’ ಬಂದಿತಾದರೂ ಮೊದಲು ಬಂದ ಪದವನ್ನು ಅದು ಪೂರ್ಣವಾಗಿ ಸ್ಥಳಾಂತರಿಸಲಿಲ್ಲ.

ಇದಕ್ಕೆ ಪ್ರತಿಯಾಗಿ ‘ಸೋಂಕು’ ಎಂಬ ಪದದ ಯಶಸ್ಸು ಪಾಠಪ್ರಾಯವಾದುದು. ಹಳಗನ್ನಡದಲ್ಲಿ ತಾಗುವಿಕೆ, ಸ್ಪರ್ಶ ಎಂಬ ಅರ್ಥವಿದ್ದ ಈ ಪದ ಜನಪದದಲ್ಲಿ ‘ಗಾಳಿ ಸೋಂಕು’ ಎಂದು ಮಕ್ಕಳಿಗೆ ತಗಲುವ ಕಾಣದ ಬಾಧೆಯನ್ನೂ ಹೇಳುತ್ತಿತ್ತು. ಕಣ್ಣಿಗೆ ಕಾಣದೆ ಗಾಳಿಯಲ್ಲಿ ಬಂದು ತಾಗುವ ವೈರಾಣುವಿಗೆ ಇದಕ್ಕಿಂತ ತಕ್ಕ ಪದ ದೊರೆಯದು. ‘ಎರಡನೇ ಅಲೆ’ ಎಂಬುದೂ ಹಾಗೆಯೇ ಸಲೀಸಾಗಿ ಬೇರೂರಿತು. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಇಪ್ಪತ್ನಾಲ್ಕು ರೋಗಿಗಳು ಸಾವಿಗೀಡಾದ ದುರಂತದ ನಂತರ ‘ಆಕ್ಸಿಜನ್’ ಮತ್ತು ‘ಆಮ್ಲಜನಕ’ ಎರಡೂ ಪದಗಳು ಪಠ್ಯಪುಸ್ತಕದಿಂದ ಹೊರಬಂದು ಅಳುವಿನ ಪದಗಳಾದವು. ಶಾಲೆ ಮುಚ್ಚಿದಾಗ ರಾಜ್ಯ ಸರ್ಕಾರ ಆರಂಭಿಸಿದ ‘ವಿದ್ಯಾಗಮ’ ಮತ್ತು ಖಾಸಗಿ ಶಾಲೆಗಳ ‘ಆನ್‌ಲೈನ್ ಕ್ಲಾಸ್’ ಎಂಬ ಎರಡು ಹೆಸರುಗಳು ಎರಡು ಬಗೆಯ ಬಾಲ್ಯಗಳನ್ನೇ ಸೂಚಿಸಿದವು.

ಪ್ಲೇಗಮ್ಮನ ಪರಂಪರೆಯೂ ಮರುಕಳಿಸದೆ ಇರಲಿಲ್ಲ. ಕೊಳ್ಳೇಗಾಲ ತಾಲ್ಲೂಕಿನಲ್ಲಿ 2021ರಲ್ಲಿ ‘ಕೊರೊನಾ ಮಾರಮ್ಮ’ನ ಪೂಜೆ ನಡೆದುದು ವರದಿಯಾಯಿತು. ಆದರೆ ಪ್ಲೇಗಮ್ಮನಂತೆ ಕೊರೊನಮ್ಮ ಎಲ್ಲೆಡೆ ಹಬ್ಬಲಿಲ್ಲ. ದೇವತೆಯನ್ನು ಒಲಿಸಿಕೊಳ್ಳಲು ಜನ ಸೇರಬೇಕು. ಸೇರುವುದನ್ನೇ ಈ ರೋಗವೂ ಕಾನೂನೂ ತಡೆದಿದ್ದವು.

ಉಪಸಂಹಾರ

ಈ ಪದಗಳಲ್ಲಿ ಹಲವು ಈಗಾಗಲೇ ಬಳಕೆಯಿಂದ ಜಾರಿವೆ. ‘ಸೀಲ್‌ಡೌನ್’, ‘ಪ್ರೈಮರಿ ಕಾಂಟ್ಯಾಕ್ಟ್’, ‘ಸೇವಾ ಸಿಂಧು ಪಾಸು’ ಎಂಬವು 2020ರ ನಂತರ ಹುಟ್ಟಿದ ಮಕ್ಕಳಿಗೆ ಅಪರಿಚಿತ. ‘ವರ್ಕ್ ಫ್ರಂ ಹೋಮ್’ ಮಾತ್ರ ಹೂಡಿಯ ಬಾಡಿಗೆಯ ದರದಿಂದ ಹಿಡಿದು ದಾರಿಯ ದಟ್ಟಣೆಯವರೆಗೆ ಎಲ್ಲ ಮಾತಿನಲ್ಲಿಯೂ ಉಳಿದಿದೆ. ಎರವಲು ಪದಕೋಶವನ್ನು ರಚಿಸಿ ಕನ್ನಡದ ಇಂತಹ ಪದಗಳಿಗೆ ನೆಲೆ ಒದಗಿಸಿದ ನಿಘಂಟುತಜ್ಞ ಪ್ರೊ. ಜಿ. ವೆಂಕಟಸುಬ್ಬಯ್ಯನವರು ತಮ್ಮ 107ನೆಯ ವಯಸ್ಸಿನಲ್ಲಿ ತೀರಿಕೊಂಡದ್ದು 2021ರ ಏಪ್ರಿಲ್ 19ರಂದು, ಎರಡನೇ ಅಲೆಯ ನಡುವೆ. ಅವರು ಹಾಕಿಕೊಟ್ಟ ಮಾರ್ಗದಲ್ಲಿ ಈ ಕಾಲದ ಪದಗಳನ್ನು ಸಂಗ್ರಹಿಸುವ ಕೆಲಸ ತುರ್ತಾಗಿ ಆಗಬೇಕಾಗಿದೆ. ಮಾಡಬೇಕಾದ ಸಂಗ್ರಹವೆಂದರೆ ಪದ ಮತ್ತು ಅದರ ಅರ್ಥವಷ್ಟೇ ಅಲ್ಲ. ಯಾರು, ಯಾರಿಗೆ, ಯಾವ ಬಾಗಿಲಲ್ಲಿ ನಿಂತು ಆ ಪದವನ್ನು ಆಡಿದರು ಎಂಬುದನ್ನೂ ದಾಖಲಿಸಬೇಕು. ಕಟ್ಟಡ ಕಾರ್ಮಿಕರು, ಆಶಾ ಕಾರ್ಯಕರ್ತೆಯರು, ಪೌರಕಾರ್ಮಿಕರು, ಸ್ಮಶಾನದ ಕೆಲಸಗಾರರು ಈ ಸಂಗ್ರಹದ ಮೊದಲ ವಕ್ತೃಗಳಾಗಬೇಕು.

ಮುಂದೊಂದು ದಿನ ಮತ್ತೊಂದು ರೋಗ ಮತ್ತೊಂದು ಪದಪಟ್ಟಿಯೊಂದಿಗೆ ಬರುವುದು ಅಸಂಭವವೇನಲ್ಲ. ಆಗ ಆದೇಶ ಬರೆಯುವವರಿಗೆ ‘ಸಾಮಾಜಿಕ ಅಂತರ’ ಏಕೆ ನೋಯಿಸಿತು, ‘ಸೋಂಕು’ ಏಕೆ ತಲುಪಿತು, ಭಿತ್ತಿಪತ್ರ ಮಾಡಲಾಗದ ಕೆಲಸವನ್ನು ಬೇವಿನ ಸೊಪ್ಪು ಹೇಗೆ ಮಾಡಿತು ಎಂಬ ತಿಳಿವಳಿಕೆ ಕೈಯಳತೆಯಲ್ಲಿರಬೇಕು. ಜಾನಪದ ಅಧ್ಯಯನವು ಸಾರ್ವಜನಿಕ ಆರೋಗ್ಯಕ್ಕೆ ನೀಡಬಹುದಾದ ಕೊಡುಗೆ ಇದೇ ಆಗಿದೆ.